ನಿನ್ನ ಸೊಂಟದ ವಿಚಾರ

ಯಳಂದೂರು
ಬುಧವಾರ, ೨೦-೧೧-೨೦೨೪

ನನ್ನ ಮುದ್ದಿನ ಭವ್ಯಶ್ರೀಗೆ,

ನಿನ್ನ ಅವ್ವ ಶಿವರತ್ನಮ್ಮ ಬರೆಯುತ್ತಿದ್ದೇನೆ. ನೂರು ವರ್ಷ ಮುತ್ತೈದೆಯಾಗಿ ಬಾಳು. ಸೊಂಟ ಹೇಗಿದೆ ಕೂಸೇ? ಒಳಗೆ ಹಾಕಿದ ಕಂಬಿ ಇನ್ನೂ ಚುಚ್ಚುತ್ತದಾ? ಮಗ್ಗುಲಾಗಲು ನಿನ್ನ ಕೈಲಿ ಆಗುತ್ತದಾ, ಇಲ್ಲಾ ಅದಕ್ಕೂ ಇಬ್ಬರು ಬಂದು ಹಿಡಿಯಬೇಕಾ? ಬೆನ್ನಿಗೆ ಹುಣ್ಣಾಗದಂತೆ ನೋಡಿಕೋ. ಒಂದೇ ಕಡೆ ಮಲಗಿದವರಿಗೆ ಚರ್ಮ ಕಿತ್ತುಬರುತ್ತದೆ, ನಿನ್ನ ಅಜ್ಜಿಗೆ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಇಲ್ಲಿ ನಾವೆಲ್ಲ ಮಾದಪ್ಪನ ದಯೆಯಿಂದ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಮಂಡಿನೋವು, ಅದು ಇದ್ದದ್ದೇ. ಕರಿ ಹಸು ಹೆಣ್ಣುಗರು ಹಾಕಿದೆ. ಗಿಣ್ಣು ಕಾಯಿಸಿದಾಗ ನಿನ್ನ ನೆನಪಾಗಿ ಕಣ್ಣಲ್ಲಿ ನೀರು ಬಂತು. ಮೊದಲೆಲ್ಲ ಬಟ್ಟಲುಗಟ್ಟಲೆ ತಿಂದು ಪಾತ್ರೆಯ ತಳವನ್ನೂ ಕೆರೆಯುತ್ತಿದ್ದವಳು ನೀನು. ಈಗ ಬೆಲ್ಲದ್ದು ಎರಡು ಚಮಚ ಒಳಗೆ ಹೋದರೆ ಬೆವರಿ ತಲೆಸುತ್ತಿ ಬೀಳುತ್ತೀಯ. ಅದಕ್ಕೇ ಕಳಿಸಲಿಲ್ಲ. ನಿನ್ನ ಪಾಲನ್ನೂ ನಿನ್ನ ತಂಗಿ ಆಶಾನೇ ತಿಂದಳು.

ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮತ್ತೆ ಶಂಕರಮ್ಮನವರು ನಿನ್ನ ಮಂಚ ಬಿಟ್ಟು ಅಲ್ಲಾಡುವುದಿಲ್ಲ. ನಾನು ಹಲೋ ಅನ್ನುವುದರೊಳಗೆ ‘ಅದೇನೋ ಸ್ಪೀಕರ್ ಅಂತಾರಲ್ಲ, ಅದ ಆಕಮ್ಮಿ, ನಾನೂವೆ ಕೇಳ್ತೀನಿ’ ಅನ್ನುತ್ತಾರೆ. ಪಾಪ, ಒಳ್ಳೆಯ ಹೆಂಗಸು, ಒಳಗೊಂದು ಹೊರಗೊಂದು ಇಲ್ಲ. ಆದರೆ ನಮ್ಮ ಒಳಗಿನದು ಅವರಿಗೆ ತಿಳಿಯಬಾರದಲ್ಲ. ಅದಕ್ಕೇ ಈ ಕಾಗದ. ನಿನ್ನ ಚಿಕ್ಕವ್ವ ರತ್ನ ಕಾರ್ತಿಕದ ಪೂಜೆಗೆ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದಾಳೆ. ದಾರಿಯಲ್ಲಿ ಕೌದಳ್ಳಿಯಲ್ಲಿ ಇಳಿದು, ಅಂಟಿಸಿದ್ದನ್ನು ಹಾಗೆಯೇ ನಿನ್ನ ಕೈಗೇ ಕೊಡುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು ಅನ್ನೋಣವೆಂದರೆ ನೀನು ಒಲೆಯವರೆಗೆ ಹೋಗಲಾರೆ. ತಲೆದೆಸೆಯಲ್ಲಿ ಇರುವ ನೀರಿನ ಚೊಂಬಿನಲ್ಲಿ ನೆನೆಸಿ ಹಿಸುಕಿಬಿಡು, ಶಾಯಿ ಕರಗಿಹೋಗುತ್ತದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಹೋದ ವಾರ ಗಾಯಕ್ಕೆ ಪಟ್ಟಿ ಕಟ್ಟಲು ಬರುವ ನರ್ಸಮ್ಮನ ಫೋನು ಇಸಕೊಂಡು ಪಿಸುಗುಟ್ಟಿದೆಯಲ್ಲ, ‘ಅವ್ವಾ, ಇಪ್ಪತ್ತಾರ್ನೇ ತಾರೀಕು ಮಂಗ್ಳಾರ ಮತ್ತೆ ಡಾಕ್ಟ್ರತ್ರ ಓಗ್ಬೇಕು, ಒಟ್ಟೆ ಆಪ್ರೇಸನ್ ಇಚಾರ ಏಳ್ಬುಡ್ಲಾ? ಏಳ್ದಿದ್ರೆ ಇನ್ನೊಂದ್ ಕಡೆ ಸೊಂಟಾನೂ ಓಯ್ತದೆ ಕಣವ್ವಾ’ ಅಂತ. ಆವತ್ತು ನಾನು ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಯೋಚನೆ ಮಾಡಿದೆ. ಬೇಡ. ಕೊಳ್ಳೇಗಾಲದ ಡಾಕ್ಟರಿಗೂ ಬೇಡ, ನಿನ್ನ ಗಂಡನಿಗಂತೂ ಮೊದಲೇ ಬೇಡ. ಮದುವೆಗೆ ಮುಂಚೆ ಮೈಸೂರಿನಲ್ಲಿ ನಿನ್ನ ಜಠರ ಕತ್ತರಿಸಿ ನಿಂಬೆಹಣ್ಣಿನಷ್ಟು ಉಳಿಸಿ ಕರುಳಿಗೆ ಹೊಲಿದದ್ದು ನಮ್ಮ ಮನೆಯ ನಾಲ್ಕು ಜನಕ್ಕೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ. ನನ್ನ ಒಡಹುಟ್ಟಿದ ರತ್ನಳಿಗೇ ನೀನು ಕಂಪ್ಯೂಟರ್ ಕಲಿಯಲು ಹೋಗಿದ್ದೀಯ ಅಂತ ಹೇಳಿದ್ದೆ. ಇಷ್ಟು ದಿನ ಬಾಯಿ ಕಟ್ಟಿ ಕಾಪಾಡಿದ್ದನ್ನು ಒಂದು ಮೂಳೆ ಮುರಿಯಿತು ಅಂತ ಬೀದಿಗೆ ಹಾಕಲು ನಾನು ಒಪ್ಪುವುದಿಲ್ಲ.

ನೀನು ಮರೆತಿರಬಹುದು, ನಾನು ಮರೆತಿಲ್ಲ. ಕೊಳ್ಳೇಗಾಲದಿಂದ ನಿನ್ನನ್ನು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಹುಡುಗನ ಸೋದರತ್ತೆ ಬಾಯಿ ಒರೆಸಿಕೊಳ್ಳುತ್ತಾ ‘ಕೂಸು ಲಕ್ಷಣವಾಗದೆ, ಆದ್ರೆ ನಮ್ಮನೆ ಬಾಗ್ಲ ಅಗಲ ಮಾಡುಸ್ಬೇಕಾಯ್ತದೆ’ ಅಂದಳು. ಎಲ್ಲರೂ ನಕ್ಕರು. ಬಂದವರ ಮರ್ಯಾದೆಗೆ ಅಂತ ನಿಮ್ಮಪ್ಪನೂ ನಕ್ಕರು. ನೀನು ಕಾಫಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಹನೂರಿನವರು ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು, ನಾವು ಜಾತಕವನ್ನೇ ಕೊಟ್ಟಿರಲಿಲ್ಲ. ತೊಂಬತ್ತೆಂಟು ಕೆಜಿ ತೂಗುತ್ತಿದ್ದೆ ಮಗಳೇ. ನಿನ್ನ ಹಿಂದೆ ಇನ್ನೊಂದು ಹೆಣ್ಣು ಬೆಳೆಯುತ್ತಿತ್ತು. ನನ್ನ ಕಣ್ಣ ಮುಂದೆ ರತ್ನ ಇದ್ದಳು. ಅವಳೂ ನಿನ್ನ ಹಾಗೆಯೇ ದಪ್ಪ, ಯಾರೂ ಒಪ್ಪಲಿಲ್ಲ. ಐವತ್ತು ದಾಟಿತು, ಈಗಲೂ ಬೇರೆಯವರ ಮದುವೆ ಮನೆಯಲ್ಲಿ ಅಡಿಗೆ ಮಾಡಿಕೊಂಡು ತಿರುಗುತ್ತಾಳೆ. ಅನ್ನದ ಕೊಪ್ಪರಿಗೆಯನ್ನು ಒಬ್ಬಳೇ ಇಳಿಸುತ್ತಾಳೆ, ವರ್ಷ ವರ್ಷವೂ ತಾಳಬೆಟ್ಟದಿಂದ ನಡೆದುಕೊಂಡೇ ಬೆಟ್ಟ ಹತ್ತುತ್ತಾಳೆ, ಹೊಟ್ಟೆ ತುಂಬ ಉಂಡು ಊರಿಗೆಲ್ಲ ಕೇಳುವ ಹಾಗೆ ನಗುತ್ತಾಳೆ. ಅಂಥ ಬಾಳು ನಿನಗೆ ಬೇಕಿತ್ತಾ? ತಾಯಿಯಾದವಳು ಅದನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತದಾ?

ಮೈಸೂರಿನವರ ಮೇಲೆ ತಪ್ಪು ಹೊರಿಸುವುದು ಬೇಡ, ಅವರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಊಟದ ವಿಚಾರ ಹೇಳುವ ಆ ಕನ್ನಡಕದ ಹುಡುಗಿ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಒಂದೇ ಸಲ ಉಣ್ಣಲು ಆಗುವುದಿಲ್ಲ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ, ಮೊದಲು ಬೇಳೆ ಕಾಳು ಪನೀರು ಮೊಸರು, ಆಮೇಲೆ ಜಾಗವಿದ್ದರೆ ಅನ್ನ ಮುದ್ದೆ ಅಂದಳು. ಕರುಳಿನ ದಾರಿ ಬದಲಾಗಿರುವುದರಿಂದ ಎಷ್ಟು ತಿಂದರೂ ಮೂಳೆಗೆ ಬೇಕಾದ ಸುಣ್ಣದ ಅಂಶ ಮೈಗೆ ಹತ್ತುವುದಿಲ್ಲ, ಮೈಗೆ ಸಿಗದಿದ್ದರೆ ಅದು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ, ಅದಕ್ಕೆ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಮೂರು ಹೊತ್ತು, ವಿಟಮಿನ್ ಡಿ ಬೇರೆ, ಕಬ್ಬಿಣದ ಮಾತ್ರೆ ಬೇರೆ ಹೊತ್ತಿನಲ್ಲಿ, ವರ್ಷಕ್ಕೊಮ್ಮೆ ರಕ್ತ ತೋರಿಸಬೇಕು, ಇದೆಲ್ಲ ಜೀವನಪೂರ್ತಿ ಅಂದಳು. ನಾನು ಕೈಮುಗಿದು ಹೂಂ ಅಂದೆ. ಹೆಣ್ಣುಮಕ್ಕಳ ವಿಚಾರದಲ್ಲಿ ಜೀವನಪೂರ್ತಿ ಅಂದರೆ ಮದುವೆ ಆಗುವವರೆಗೆ ಅಂತ ನಾನು ತಿಳಿದುಕೊಂಡೆ. ವಿಟಮಿನ್ನಿನ ಆ ಹಳದಿ ಗುಳಿಗೆಯ ಸಿಪ್ಪೆಯನ್ನು ದನದ ಮೂಳೆಯಿಂದ ಮಾಡುತ್ತಾರೆ ಅಂತ ಮೆಡಿಕಲ್ ಸ್ಟೋರಿನ ಹುಡುಗ ಹೇಳಿದ ದಿನವೇ ನಾನು ಅದನ್ನು ತಿಪ್ಪೆಗೆ ಎಸೆದೆ. ಲಿಂಗ ಕಟ್ಟಿಕೊಂಡ ಮೈಯೊಳಗೆ ಅಂಥದ್ದು ಇಳಿಯಲು ನಾನು ಬಿಡುವುದಿಲ್ಲ. ಅದೊಂದರಲ್ಲಿ ನನ್ನ ಮನಸ್ಸಿಗೆ ಈಗಲೂ ನೆಮ್ಮದಿ.

ನಿನ್ನ ಅತ್ತೆಮನೆಯ ಪದ್ಧತಿ ಇಷ್ಟು ಕಟ್ಟುನಿಟ್ಟು ಅಂತ ನಮಗೆ ಮೊದಲು ಗೊತ್ತಿರಲಿಲ್ಲ. ಗಂಡಸರು ಉಂಡೆದ್ದ ಮೇಲೆ ಹೆಂಗಸರು, ಒಂದು ಸಲ ಕೈ ತೊಳೆದರೆ ಮುಗಿಯಿತು, ನಡುವೆ ಯಾರೂ ಬಾಯಾಡಿಸುವಂತಿಲ್ಲ. ಸೋಮವಾರ ಮಾದಪ್ಪನ ಹೆಸರಿನಲ್ಲಿ ಒಪ್ಪತ್ತು, ಇಡೀ ದಿನಕ್ಕೆ ಒಂದೇ ಊಟ. ನಿನ್ನ ಆ ಒಂದು ಊಟ ಅಂದರೆ ಮೂರು ತುತ್ತು. ನಿಮ್ಮತ್ತೆ ಮಾತ್ರ ಬಂದವರ ಮುಂದೆಲ್ಲ ಹಿಗ್ಗಿ ಹೇಳುತ್ತಿದ್ದರು, ‘ನಮ್ ಸೊಸೆ ಗುಬ್ಬಚ್ಚಿ ಕಣ್ರಿ, ಉಣ್ಣೋದೂ ಗೊತ್ತಾಗಲ್ಲ, ಏಳೋದೂ ಗೊತ್ತಾಗಲ್ಲ’ ಅಂತ. ಆ ಮಾತು ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನನ್ನ ಮಗಳನ್ನು ಗುಬ್ಬಚ್ಚಿ ಅಂದವರು ಅವರೇ ಮೊದಲು. ಮಧ್ಯಾಹ್ನ ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ ಅಂತ ನೀನು ಫೋನು ಮಾಡಿದಾಗ ನೀರು ಕುಡಿ ಅಂತ ಹೇಳಿದ್ದೆ. ಕೂದಲು ಉದುರಿದಾಗ ಚೌರಿ ಕಳಿಸಿದೆ. ನಾನು ಏನು ಕಡಿಮೆ ಮಾಡಿದ್ದೇನೆ ಹೇಳು.

ಮಾತ್ರೆ ಬಾಟಲಿ ನಿಮ್ಮತ್ತೆಯ ಕಣ್ಣಿಗೆ ಬಿದ್ದು ‘ಯಾಕಮ್ಮಿ, ನಿಂಗೇನ್ ಕಾಯ್ಲೆ’ ಅಂತ ಕೇಳಿದಾಗ ನೀನು ಹೆದರಿ ಅತ್ತುಕೊಂಡು ಫೋನು ಮಾಡಿದೆ. ಆಗ ಉಪಾಯ ಹೊಳೆದದ್ದು ಯಾರಿಗೆ? ಕ್ಯಾಲ್ಸಿಯಂ ಮಾತ್ರೆಗಳನ್ನೆಲ್ಲ ಮಿಕ್ಸಿಗೆ ಹಾಕಿ, ನುಣ್ಣಗೆ ಬೀಸಿ, ಬಿಳಿ ಪಂಚೆಯಲ್ಲಿ ಜರಡಿ ಹಿಡಿದು, ಒಂದು ಚೂರು ಗಂಧದ ಪುಡಿ ಬೆರೆಸಿ ಹಿತ್ತಾಳೆ ಡಬ್ಬಿಗೆ ತುಂಬಿ, ಬೆಟ್ಟದ ವಿಭೂತಿ ಅಂತ ಯುಗಾದಿಗೆ ನಿನ್ನ ಕೈಲಿ ಕಳಿಸಿದೆ. ಹಣೆಗೆ ಒಂದು ಗೆರೆ, ನಾಲಿಗೆಗೆ ಒಂದು ಚಿಟಿಕೆ, ಯಾವ ಮನೆಯಲ್ಲಿ ಇದನ್ನು ಬೇಡ ಅನ್ನುತ್ತಾರೆ? ಮೂರು ಹೊತ್ತೂ ನಿರಾತಂಕವಾಗಿ ಬಾಯಿಗೆ ಹಾಕಿಕೊಳ್ಳಬಹುದು, ಭಕ್ತಿವಂತೆ ಅನ್ನುವ ಹೆಸರೂ ಬರುತ್ತದೆ. ಡಾಕ್ಟರುಗಳಿಗೂ ಹೊಳೆಯದ ಬುದ್ಧಿ ಅಂತ ನಿಮ್ಮಪ್ಪನ ಮುಂದೆ ಹೇಳಿಕೊಂಡು ನಕ್ಕಿದ್ದೆ.

ಅದನ್ನು ನಿಮ್ಮತ್ತೆ ನಿನ್ನ ಕೈಯಿಂದ ಇಸಕೊಂಡು ನೇರ ದೇವರಮನೆಗೆ ತಕ್ಕೊಂಡು ಹೋಗಿಬಿಡುತ್ತಾರೆ ಅಂತ ನಾನು ಕನಸು ಕಂಡಿದ್ದೆನಾ? ‘ನಿಮ್ಮವ್ವ ಕಳ್ಸಿರ ಈಬೂತಿ ಎಷ್ಟು ನುಣ್ಗದೆ ಕಣಮ್ಮಿ, ಇಂಥದ್ದ ನಾನು ಬೆಟ್ಟದಲ್ಲೂ ಕಂಡಿಲ್ಲ’ ಅಂತ ದಿನಾ ಬೆಳಗ್ಗೆ ಗಂಡನಿಗೆ, ಮಕ್ಕಳಿಗೆ, ಅಂಗಡಿಯ ತಕ್ಕಡಿಗೆ, ಹಸುವಿನ ಹಣೆಗೆ ಬಳಿದರಂತೆ. ನಿನ್ನ ಹಣೆಗೂ ಅವರ ಕೈಯಿಂದಲೇ ಮೂರು ಗೆರೆ. ಬಾಯಿಗೆ ಹೋಗಬೇಕಾದದ್ದು ಹಣೆಗೆ ಹೋಯಿತು. ಆ ಮನೆಯಲ್ಲಿ ದೇವರಮನೆಯ ಪೂಜೆ ಅತ್ತೆಯದು, ಸೊಸೆ ಹೊಸ್ತಿಲ ಹೊರಗೇ ನಿಲ್ಲಬೇಕು, ಒಪ್ಪಿದೆ. ಆದರೆ ನಿನಗೆ ಬಾಯಿ ಇರಲಿಲ್ಲವಾ? ನನಗೊಂದು ಚಿಟಿಕೆ ಕೊಡಿ ಅತ್ತೆ, ಪ್ರಸಾದ ಅಂತ ಬಾಯಿಗೆ ಹಾಕಿಕೊಳ್ಳುತ್ತೇನೆ ಅನ್ನಲು ಎಷ್ಟು ಬುದ್ಧಿ ಬೇಕು? ಒಂದೇ ಒಂದು ಸಲ ಕೇಳಿದೆಯಂತೆ, ಅವರು ಸಾಸಿವೆಯಷ್ಟು ಕೊಟ್ಟರಂತೆ, ಆಮೇಲೆ ಸಂಕೋಚವಾಯಿತಂತೆ. ನಾನು ಎರಡನೇ ಡಬ್ಬಿ ಕಳಿಸಿದೆ. ದೀಪಾವಳಿಯಲ್ಲಿ ಬೆಟ್ಟಕ್ಕೆ ನಡೆದುಹೋಗುವ ಭಕ್ತರಿಗೆ ನಿಮ್ಮ ಅಂಗಡಿ ಮುಂದೆ ಮಜ್ಜಿಗೆ ಕೊಡುತ್ತಾರಲ್ಲ, ಆ ಚಪ್ಪರದಡಿ ಬಂದವರ ಹಣೆಗೆಲ್ಲ ಹಚ್ಚಿ ಆ ಡಬ್ಬಿಯನ್ನೂ ಖಾಲಿ ಮಾಡಿದರು. ನೀನು ಅಲ್ಲೇ ಮಜ್ಜಿಗೆ ಲೋಟ ಹಂಚುತ್ತಾ ನೋಡಿಕೊಂಡು ನಿಂತಿದ್ದೆ. ಸಿಟ್ಟು ಬರುತ್ತದೆ ಭವ್ಯಾ. ನಿನ್ನ ಮೇಲಲ್ಲದೆ ನಾನು ಇನ್ನಾರ ಮೇಲೆ ಸಿಟ್ಟು ಮಾಡಲಿ?

ಹಬ್ಬ ಮುಗಿದ ಸೋಮವಾರವೇ ಅಲ್ಲವಾ ನೀನು ಬಿದ್ದದ್ದು. ಮರ ಹತ್ತಿರಲಿಲ್ಲ, ಬಾವಿ ಸೇದುತ್ತಿರಲಿಲ್ಲ. ಒಪ್ಪತ್ತಿನ ಊಟ ಮುಗಿಸಿ ಮಣೆಯಿಂದ ಎದ್ದೆ, ಕಾಲು ತಿರುಚಿಕೊಂಡಿತು, ಕೂತೆ, ಅಷ್ಟೇ. ಸೌದೆ ಮುರಿದ ಸದ್ದು ಬಂತು ಅಂತ ನಿಮ್ಮತ್ತೆ ಹೇಳಿದರು. ಕೊಳ್ಳೇಗಾಲದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನಿನ್ನ ಮುಖ ನೋಡುತ್ತಾರೆ, ಎಕ್ಸ್‌ರೇ ನೋಡುತ್ತಾರೆ, ಮತ್ತೆ ನಿನ್ನ ಮುಖ ನೋಡುತ್ತಾರೆ. ‘ಇಪ್ಪತ್ತೇಳು ವರ್ಷ ಅಂತೀರಿ, ಇದು ಎಪ್ಪತ್ತರ ಅಜ್ಜಿ ಮೂಳೆ ಇದ್ದ ಹಾಗಿದೆಯಲ್ಲಮ್ಮ’ ಅಂದರು. ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗಾಯದ ಗುರುತು ನೋಡಿ ಇದೇನು ಆಪರೇಷನ್ ಅಂತ ಕೇಳಿದರು. ನೀನು ಬಾಯಿ ತೆರೆದೆ. ನಿಮ್ಮತ್ತೆ ಅಲ್ಲೇ ನಿಂತಿದ್ದರು. ನಾನು ನಿನ್ನ ಕಾಲಿನ ಹೆಬ್ಬೆರಳನ್ನು ಅದುಮಿ ‘ಪಿತ್ತದ ಕಲ್ಲು ತೆಗ್ಸಿದ್ವಿ ಸಾ, ಇನ್ನೇನೂ ಇಲ್ಲ’ ಅಂದೆ. ಮುರಿದ ಕಡೆಯ ಕಾಲು ಅಂತ ಗೊತ್ತಿದ್ದೇ ಅದುಮಿದ್ದು, ಇಲ್ಲದಿದ್ದರೆ ನೀನು ಸುಮ್ಮನಾಗುತ್ತಿರಲಿಲ್ಲ. ನಿನ್ನ ಕಿರುಚಾಟಕ್ಕೆ ಡಾಕ್ಟರು ಆ ಮಾತು ಬಿಟ್ಟು ನೋವಿಗೆ ಸೂಜಿ ಹಾಕಿಸಿದರು.

ಅವರಿಗೆ ಪೂರ್ತಿ ವಿಚಾರ ಗೊತ್ತಿಲ್ಲದೆ ಬರೆದುಕೊಟ್ಟಿರುವ, ವಾರಕ್ಕೊಂದು ನುಂಗುವ ಮೂಳೆ ಮಾತ್ರೆ ನಿನಗೆ ಎದೆ ಉರಿ, ವಾಂತಿ ತರುತ್ತಿದೆ ಅಂದೆಯಲ್ಲ. ಬರದೆ ಇರುತ್ತದಾ? ಆಪರೇಷನ್ ಆಗಿದೆ ಅಂತ ಹೇಳದೆ ಯಾರ ಹತ್ತಿರವೂ ಮಾತ್ರೆ ಬರೆಸಿಕೊಳ್ಳಬೇಡಿ, ಅಷ್ಟು ಸಣ್ಣ ಹೊಟ್ಟೆ ಹುಣ್ಣಾಗುತ್ತದೆ ಅಂತ ಮೈಸೂರಿನವರು ಆಗಲೇ ಎಚ್ಚರಿಸಿದ್ದರು. ಹಾಗಾಗಿ ಆ ಮಾತ್ರೆಯನ್ನು ನುಂಗಬೇಡ. ನಿಮ್ಮತ್ತೆ ಕೊಟ್ಟಾಗ ದವಡೆಗೆ ಒತ್ತಿಟ್ಟುಕೊಂಡು ಅವರು ಆಚೆ ಹೋದ ಮೇಲೆ ಸೆರಗಿಗೆ ಉಗಿದುಬಿಡು. ಮಂಗಳವಾರ ಡಾಕ್ಟರು ಯಾಕೆ ಮೂಳೆ ಹೀಗಾಗಿದೆ, ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿ ಅಂದರೆ, ಬಿಸಿಲಿಗೆ ಹೋಗುವ ಅಭ್ಯಾಸವಿಲ್ಲ ಸಾ, ಹಾಲು ಸೇರುವುದಿಲ್ಲ ಸಾ ಅನ್ನು. ಅಷ್ಟು ಸಾಕು. ರತ್ನ ತರುವ ಕೈಚೀಲದಲ್ಲಿ ರಾಗಿ ಹುರಿಹಿಟ್ಟು, ಎಳ್ಳಿನ ಚಿಗಳಿ ಇಟ್ಟಿದ್ದೇನೆ. ವೀಳ್ಯದೆಲೆಯೂ ಸುಣ್ಣದ ಡಬ್ಬಿಯೂ ಇವೆ. ಮೂಳೆಗೆ ಬೇಕಾದದ್ದು ಸುಣ್ಣ ತಾನೇ, ಎಲೆಗೆ ಸ್ವಲ್ಪ ಜಾಸ್ತಿಯೇ ಸವರಿಕೊಂಡು ಹಾಕಿಕೋ. ನಾಲಿಗೆ ಸುಟ್ಟರೆ ಸುಡಲಿ, ಎಲೆ ಅಡಿಕೆ ಯಾಕೆ ಹಾಕಿಕೊಂಡೆ ಅಂತ ಯಾರೂ ಕೇಳುವುದಿಲ್ಲ.

ನಿಮ್ಮಪ್ಪನ ವಿಚಾರ ಬರೆಯಬಾರದು ಅಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಆಸ್ಪತ್ರೆಯಿಂದ ಬರುವಾಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ, ಅಷ್ಟು ಜನರ ನಡುವೆ, ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತರು. ‘ಕೂಸ್ನ ಕರ್ಕಬಂದ್ಬುಡವ ಕಣೆ, ನಮ್ಮನೇಲಿ ಆರ್ಸಲ ಉಣ್ಣಲಿ, ಬೇಕಾದ್ದ ನುಂಗ್ಲಿ, ಯಾವನ್ ಏನಂದ್ರೆ ಏನು’ ಅಂದರು. ಹೇಳುವುದು ಸುಲಭ. ಸೊಂಟ ಮುರಿದುಕೊಂಡು ತವರಿಗೆ ಬಂದ ಮಗಳನ್ನು ಇವರು ನೋಡಿಕೊಳ್ಳುತ್ತಾರಾ? ಬಂದವಳು ತಿರುಗಿ ಹೋಗುತ್ತಾಳೆ ಅಂತ ಏನು ಭರವಸೆ? ಅವರ ಬಾಯಿಗೆ ಬೀಗ ಹಾಕಿದ್ದೇನೆ. ನೀನೂ ಅವರಿಗೆ ಫೋನು ಮಾಡಿ ಕರಗಿಸಲು ನೋಡಬೇಡ. ನಿನಗೆ ನೋವಾಗುತ್ತದೆ ಅಂತ ನನಗೆ ಗೊತ್ತಿಲ್ಲವಾ? ಆದರೆ ಮಂಚದ ಮೇಲೆ ಮಲಗಿದ್ದರೂ ನೀನು ಮಲಗಿರುವುದು ಗಂಡನ ಮನೆಯ ಮಂಚದ ಮೇಲೆ. ಕುಂಟಿಯಾದರೂ ಶಾಂತಮೂರ್ತಿಯ ಹೆಂಡತಿ ಅನ್ನುತ್ತಾರೆಯೇ ಹೊರತು ಪುಟ್ಟಮಾದಪ್ಪನ ದಪ್ಪ ಮಗಳು ಅನ್ನುವುದಿಲ್ಲ. ನಾನು ಕೇಳಿಕೊಂಡದ್ದೂ ಅಷ್ಟನ್ನೇ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು, ಬೀಗರಿಗೆ ಬೀಗಿತ್ತಿಗೆ ಶರಣು. ಸೋಮವಾರದ ಒಪ್ಪತ್ತು ಮಂಚದ ಮೇಲಿದ್ದರೂ ಬಿಡಬೇಡ, ನಿಮ್ಮತ್ತೆಗೆ ಅದು ಕಂಡರೆ ಬಹಳ ಸಮಾಧಾನ. ಮಾದಪ್ಪ ನಿನ್ನ ಮೂಳೆಗೆ ಬಲ ಕೊಡಲಿ, ಬೇಗ ಎದ್ದು ಓಡಾಡುವಂತೆ ಮಾಡಲಿ, ಬರುವ ವರ್ಷ ಇಷ್ಟು ಹೊತ್ತಿಗೆ ಮಡಿಲಲ್ಲಿ ಮಗು ಆಡಲಿ.

ಸದಾ ನಿನ್ನ ಒಳ್ಳೆಯದನ್ನೇ ಬಯಸುವ,
ಅವ್ವ
ಶಿವರತ್ನಮ್ಮ

ಮರೆತಿದ್ದು: ರತ್ನ ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿಮ್ಮತ್ತೆ ನಿನ್ನ ಮೈದುನ ಶಿವಕುಮಾರಸ್ವಾಮಿಗೆ ನಮ್ಮ ಆಶಾಳನ್ನು ಕೇಳಿದ್ದಾರೆ. ‘ದೊಡ್ಡೋಳು ಮಲಿಕಬುಟ್ಲು, ಮನೆ ನೋಡಕ್ಕೆ ಒಬ್ಳು ಬೇಕು. ಚಿಕ್ಕೋಳು ಒಸಿ ದಪ್ಪ, ಅವ್ಳೂ ಅಕ್ಕನಂಗೆ ತೆಳ್ಗಾದ್ರೆ ಬರೋ ವರ್ಷ ಧಾರೆ ಎರ್ದುಬುಡವ’ ಅಂದರು. ಮೈಸೂರಿನ ಅದೇ ಡಾಕ್ಟರ ಹತ್ತಿರ ಸೋಮವಾರ ಆಶಾಳನ್ನು ಸೇರಿಸುತ್ತಿದ್ದೇವೆ. ಕೂಸು ಹೆದರಿದೆ. ಅಕ್ಕನ ಸೊಂಟ ಹೋದದ್ದು ಆ ಆಪರೇಷನ್ನಿನಿಂದಲೇ ತಾನೇ ಅಂತ ದಿನ ಬೆಳಗಾದರೆ ಕೇಳುತ್ತದೆ. ನೀನು ಸ್ಕೂಟರಿನಿಂದ ಬಿದ್ದೆ ಅಂತ ಹೇಳಿದ್ದೇನೆ. ‘ಅಕ್ಕ ಹೂಂ ಅಂದ್ರೆ ಸೈನ್ ಆಕ್ತೀನಿ, ಇಲ್ದಿದ್ರೆ ಇಲ್ಲ’ ಅಂತ ಹಟ ಹಿಡಿದು ಕೂತಿದ್ದಾಳೆ. ನಾಳೆ ಸಾಯಂಕಾಲ ನಿನಗೆ ಫೋನು ಮಾಡುತ್ತಾಳೆ. ಅತ್ತೆ ಪಕ್ಕದಲ್ಲಿರುತ್ತಾರೆ, ಬಿಡಿಸಿ ಮಾತಾಡಬೇಡ, ‘ಅಕ್ಕಾ, ಹೂಂ ತಾನೆ’ ಅಂತ ಮಾತ್ರ ಕೇಳು ಅಂತ ಅವಳಿಗೂ ಹೇಳಿಕೊಟ್ಟಿದ್ದೇನೆ. ನೋವಿನ ದನಿ ತೆಗೆಯಬೇಡ, ನಗುತ್ತಾ ಹೂಂ ಅಂದುಬಿಡು. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಿನ್ನ ಮಾತನ್ನು ನಂಬುತ್ತಾಳೆ.